ಹೊಸ್ತಿಲ ಮುಟ್ಟಿ ಹೇಳಿದ ಹೆಸರು

ಆ ಸಣ್ಣ ಕೋಣೆಯಲ್ಲಿ ಇದ್ದವರು ಮೂವರು. ಗೋಡೆಗೆ ಒರಗಿ ಕುಳಿತವಳು ಕಮಲಾಪುರದ ಕಸ್ತೂರಬಾಯಿ. ಅವಳ ಮಗ್ಗುಲಿಗೆ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಅವಳ ನೆಗೆಣ್ಣಿ ಗಂಗಮ್ಮ. ಅಂದರೆ ಗಂಡನ ತಮ್ಮನ ಹೆಂಡತಿ. ಟೇಬಲ್ಲಿನ ಆಚೆ ಚಿತ್ರದ ಕಾರ್ಡು ಜೋಡಿಸುತ್ತ ನಮ್ಮ ಕೊನೆಯ ವರ್ಷದ ವಿದ್ಯಾರ್ಥಿನಿ ಅನುಷಾ, ಚಾಮರಾಜನಗರದ ಕಡೆಯ ಹುಡುಗಿ. ನಾಲ್ಕನೆಯವಳು ನಾನು, ಗೋಡೆಯ ಹಿಂದೆ. ಮಾತಿನ ಚಿಕಿತ್ಸೆ ಕಲಿಸುವ ಕ್ಲಿನಿಕ್ಕಿನಲ್ಲಿ ಅಂಥದೊಂದು ಗಾಜು ಇರುತ್ತದೆ. ಒಳಗಿನವರಿಗೆ ಅದು ಕನ್ನಡಿ, ನನ್ನಂಥ ಮೇಲ್ವಿಚಾರಕರಿಗೆ ಕಿಟಕಿ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಹುಡುಗಿಯರು ಚಿಕಿತ್ಸೆ ಹೇಗೆ ಕೊಡುತ್ತಾರೆ ಎಂದು ನೋಡಿ, ಕೊನೆಗೆ ಅವರ ಗುಲಾಬಿ ಬಣ್ಣದ ವರದಿ ಹಾಳೆಗೆ ಸಹಿ ಹಾಕುವುದು ನನ್ನ ಕೆಲಸ.

ಇದೆಲ್ಲ ನೆನಪಾದದ್ದು ಮೊನ್ನೆ. ಖೂಬಾ ಪ್ಲಾಟಿನ ನಮ್ಮ ಓಣಿಗೆ ತಳ್ಳುಗಾಡಿಯವನೊಬ್ಬ ಕಮಲಾಪುರದ ಕೆಂಪು ಬಾಳೆಹಣ್ಣು ತಂದಿದ್ದ. ಗೇಟು ತೆಗೆಯುವ ಮೊದಲೇ ವಾಸನೆ ಬಂತು. ಆ ವಾಸನೆಗೂ, ಗಾಳಿ ಆಡದ ಆ ಗಾಜಿನ ಹಿಂದಿನ ಕೋಣೆಗೂ ನನ್ನ ತಲೆಯಲ್ಲಿ ಎಂದೋ ಗಂಟು ಬಿದ್ದಿದೆ. ಗಂಗಮ್ಮನ ಚೀಲದಲ್ಲಿ ಯಾವಾಗಲೂ ನಾಲ್ಕು ಹಣ್ಣು ಇರುತ್ತಿದ್ದವು. ಬಸ್ಸಿನ ನೂಕುನುಗ್ಗಲಿಗೆ ಮೆತ್ತಗಾಗಿ, ಕೋಣೆಯ ತುಂಬ ಘಮ ಹಿಡಿಸುತ್ತಿದ್ದವು.

ಕೊರೊನಾ ಮುಗಿದ ಮೇಲಿನ ಎರಡನೇ ಬೇಸಿಗೆ ಅದು. ಕಲಬುರಗಿಯ ಬೇಸಿಗೆಯ ಬಗ್ಗೆ ಕಲಬುರಗಿಯವರಿಗೆ ಹೇಳುವುದೇನಿದೆ! ಹತ್ತು ಗಂಟೆಗೇ ಜಗತ್ ಸರ್ಕಲ್ಲಿನ ಟಾರು ಚಪ್ಪಲಿಗೆ ಅಂಟುತ್ತಿತ್ತು. ಕಚೇರಿ ಕೋಣೆಗಳಿಗೆ ಕೂಲರು ಇತ್ತು, ಗಾಜಿನ ಹಿಂದೆ ಇರಲಿಲ್ಲ. ಫ್ಯಾನು ಹಾಕಿದರೆ ಸದ್ದು ಒಳಗೆ ಕೇಳುತ್ತದೆ ಎಂದು ಅದನ್ನೂ ಹಾಕುವಂತಿರಲಿಲ್ಲ. ಒಂಬತ್ತು ವಿದ್ಯಾರ್ಥಿಗಳು, ಮೂರು ಗಾಜು, ನಾನೊಬ್ಬಳು. ಇನ್ನೊಬ್ಬ ಮೇಲ್ವಿಚಾರಕಿ ಹೆರಿಗೆ ರಜೆಯಲ್ಲಿದ್ದಳು. ಮಧ್ಯಾಹ್ನದ ಹೊತ್ತಿಗೆ ನನಗೆ ಯಾವ ಮಗು ಯಾವ ಅಕ್ಷರ ತೊದಲುತ್ತದೆ ಎಂಬುದು ಕಲಸಿ ಹೋಗುತ್ತಿತ್ತು. ಮನೆಗೆ ಬಂದರೆ ಯಾರಾದರೂ 'ಊಟ?' ಎಂದರೂ ಉತ್ತರ ಕೊಡಲು ಬೇಸರ. ದಿನವಿಡೀ ಬೇರೆಯವರ ಮಾತು ಎತ್ತಿ ನಿಲ್ಲಿಸುವವಳಿಗೆ ತನ್ನ ಮಾತು ಭಾರ ಆಗುತ್ತದೆ.

ಕಸ್ತೂರಬಾಯಿ ಕಮಲಾಪುರದ ಒಂದು ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ವಯಸ್ಸು ನಲವತ್ತೈದರ ಆಸುಪಾಸು. ಹಿಂದಿನ ದಸರೆಯ ಹೊತ್ತಿಗೆ ಲಕ್ವ ಹೊಡೆದಿತ್ತು. ಕೈಕಾಲು ಕೆಲವೇ ತಿಂಗಳಲ್ಲಿ ಮೊದಲಿನಂತಾದವು, ಬಾಯಿ ಆಗಲಿಲ್ಲ. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಬೇಕಾದದ್ದು ಮಾತ್ರ ಹೊರಗೆ ಬರುತ್ತಿರಲಿಲ್ಲ. ತುಂಬ ಹೆಣಗಿದರೆ 'ನೀರು', 'ಹೂಂ', ತನ್ನ ಹೆಸರು, ಊರು, ಓಣಿ, ಮಕ್ಕಳಿಬ್ಬರ ಹೆಸರು. ಉಳಿದದ್ದಕ್ಕೆಲ್ಲ 'ಯವ್ವಾ, ಯವ್ವಾ' ಎಂದು ತಲೆ ಅಲ್ಲಾಡಿಸುವಳು.

ಅವಳ ಹೆಡ್‌ಮಾಸ್ಟರು ಕೆಟ್ಟ ಮನುಷ್ಯನಲ್ಲ. ಆದರೆ ಒಂದು ಮಾತು ಕಡ್ಡಿ ಮುರಿದಂತೆ ಹೇಳಿದ್ದರು. ಗಂಗಮ್ಮ ಅದನ್ನು ಅವರದೇ ದನಿಯಲ್ಲಿ ಆಡಿ ತೋರಿಸಿದ್ದಳು: "ನೋಡ್ರಿ ಬಾಯಿ, ಕುದಿಯೋ ಸಾರಿನ ಗಂಜ ಇಬ್ರು ಎತ್ತಕೊಂಡು ಬರ್ತೀರಿ. ಎದುರಿಗಿ ಕೂಸುಗಳು ತಾಟ ಹಿಡಕೊಂಡು ಓಡಿ ಬರ್ತಾವ. 'ಸರೀ' ಅಂತ ಒದರ್ಲಾಕ ಬರಬೇಕು. ಬಂದ್ರ ಜೂನಕ್ಕ ಬರ್ರಿ. ಇಲ್ಲಾಂದ್ರ ನಾ ಬ್ಯಾರೆಯವ್ರಿಗಿ ತಗೋತೀನಿ. ಒಂದು ಕೂಸಿನ ಮೈ ಸುಟ್ರ ಯಾರು ಹೊಣಿ?"

ಎಲ್ಲ ಬಂದು ನಿಂತದ್ದು ಅಲ್ಲಿಗೆ. ಜೂನಿನೊಳಗೆ 'ಸರೀ', ಅಂದರೆ ಪಕ್ಕಕ್ಕೆ ಸರಿಯಿರಿ, ಎಂಬ ಒಂದು ಶಬ್ದ. ಇಪ್ಪತ್ತು ವರ್ಷ ಆ ಒಲೆಯ ಮುಂದೆ ನಿಂತವಳು, ಬೇರೆ ಏನೂ ಕೇಳಲಿಲ್ಲ.

ವಾರಕ್ಕೆ ಮೂರು ದಿನ ಇಬ್ಬರೂ ಬಸ್ಸು ಹತ್ತಿ ಬರುತ್ತಿದ್ದರು. ಚಳಿಗಾಲದಲ್ಲಿ ಅವಳನ್ನು ನೋಡಿದವಳು ಆಳಂದದ ಒಬ್ಬ ಹುಡುಗಿ. ಮಾರ್ಚಿನಲ್ಲಿ ಸರದಿ ಬದಲಾಯಿತು, ಅನುಷಾ ಬಂದಳು. ಕಲಿಸುವ ಕ್ಲಿನಿಕ್ಕಿನ ಕಷ್ಟ ಇದು. ವಿದ್ಯಾರ್ಥಿ ಕಲಿತು ಹೋಗುತ್ತಾಳೆ, ರೋಗಿ ಮತ್ತೆ ಹೊಸ ಮುಖದ ಮುಂದೆ 'ನಿಮ್ಮ ಹೆಸರೇನು' ಎಂಬಲ್ಲಿಂದ ಶುರು ಮಾಡಬೇಕು.

ಅನುಷಾ ಶ್ರದ್ಧೆಯ ಹುಡುಗಿ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾಡುವವಳು. ಮೊದಲ ವಾರ ಹತ್ತು ಪ್ರಶ್ನೆಯ ಪರೀಕ್ಷೆ. ನಿಮ್ಮ ಹೆಸರು, ನಿಮ್ಮ ಊರು, ಗಂಡನ ಹೆಸರು, ಮಾವನ ಹೆಸರು, ಅತ್ತೆಯ ಹೆಸರು, ಗಂಡನ ಅಣ್ಣನ ಹೆಸರು, ಹೀಗೆ. ಕಸ್ತೂರಬಾಯಿಗೆ ಹತ್ತಕ್ಕೆ ಮೂರು ಬಂತು. ಚಳಿಗಾಲದಲ್ಲಿ ಏಳು ಇತ್ತು. ನಾನು ಆ ಹೊತ್ತು ಇನ್ನೊಂದು ಗಾಜಿನ ಹಿಂದೆ ಇದ್ದೆ. ಸಂಜೆ ಹಾಳೆಗಳ ಕಟ್ಟು ಬಂದಾಗ ಅಂಕ ನೋಡಿ, 'ಅಯ್ಯೋ ಪಾಪ' ಅಂದುಕೊಂಡು, ಸಹಿ ಹಾಕಿದೆ. ಪಕ್ಕದಲ್ಲಿ ಅನುಷಾ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: 'ಉತ್ತರವಿಲ್ಲ. ಸೆರಗು ಎಳೆದುಕೊಂಡು ಮುಖ ತಿರುಗಿಸಿದರು.' ನಾಲ್ಕು ಕಡೆ ಅದೇ ಸಾಲು. ಅದನ್ನು ಓದಿದ್ದರೆ ಸಾಕಿತ್ತು. ಓದಲಿಲ್ಲ.

ಏಪ್ರಿಲ್ ನಡುವೆ ವಿಭಾಗದ ಸಭೆ ಆಯಿತು. ಕಾಯುವವರ ಪಟ್ಟಿ ಉದ್ದ ಇತ್ತು. ಯಾರಿಗೆ ಗುಣ ಕಾಣುತ್ತಿಲ್ಲವೋ ಅವರಿಗೆ ಮನೆಯಲ್ಲಿ ಮಾಡುವ ಅಭ್ಯಾಸ ಬರೆದುಕೊಟ್ಟು, ಜಾಗ ಬೇರೆಯವರಿಗೆ ಬಿಡಬೇಕು. ಏಳರಿಂದ ಮೂರಕ್ಕೆ ಇಳಿದವಳ ಬಗ್ಗೆ ಹೆಚ್ಚು ಚರ್ಚೆಯೂ ಆಗಲಿಲ್ಲ. ನಾನೂ ಬಾಯಿ ತೆರೆಯಲಿಲ್ಲ. ಸಹಿ ನನ್ನದೇ ಇತ್ತಲ್ಲ.

ಮರುದಿನ ಅನುಷಾ ಅವರನ್ನು ಕೂರಿಸಿಕೊಂಡು ವಿಷಯ ಹೇಳಿದಳು. ನಾನು ಗಾಜಿನ ಹಿಂದೆ. ಕಸ್ತೂರಬಾಯಿ ಕಾರ್ಡುಗಳನ್ನು ನೋಡುತ್ತ ಕುಳಿತಳು. ಗಂಗಮ್ಮ ಮಾತ್ರ ಸಿಡಿದಳು.

"ಹಂಗಂದ್ರ ಹ್ಯಾಂಗ್ರಿ ಅಕ್ಕೋರೆ? ಆರು ಗಂಟಿಗಿ ಎದ್ದು, ರೊಟ್ಟಿ ಬಡದು, ಇಕಿಗಿ ಕರಕೊಂಡು, ಬಸ್ಸಿನ್ಯಾಗ ಒಂಟಿ ಕಾಲಿಲೆ ನಿಂತು ಬರ್ತೀನಿ. ಕಂಡಕ್ಟರ್ ನಂಗ 'ಏನವ್ವ, ಕಲಬುರಗ್ಯಾಗ ನೌಕ್ರಿ ಸಿಕ್ತೇನು' ಅಂತ ಚಾಷ್ಟಿ ಮಾಡ್ತಾನ. ಈಗ ಜೂನು ಬಂತು ಅನ್ನೋದ್ರಾಗ ಮನಿಗಿ ಹೋಗ್ರಿ ಅಂತೀರಿ!"

"ಬೇಜಾರು ಮಾಡ್ಕೋಬೇಡಿ ಅಮ್ಮ, ನನ್ನ ಕೈಲಿ ಇಲ್ಲ" ಎಂದಳು ಅನುಷಾ. "ಈ ಫಾರಂ ಒಂದು ತುಂಬಬೇಕು. ಫೈಲು ಆಫೀಸಿನಲ್ಲಿದೆ. ಇವರ ಗಂಡನ ಹೆಸರು ಹೇಳಿ."

"ಅದ್ರಾಗ ಬರದೇ ಇರ್ತದಲ್ರಿ, ಆಮ್ಯಾಲ ನೋಡಕೋರಿ."

"ಈಗಲೇ ಬೇಕು. ಹೇಳಿ ಅಮ್ಮ."

"ನಮ್ಮ ಭಾವ್ನೋರು ರಿ."

"ಹೆಸರು?"

"ಟಂಟಂ ಗಾಡಿ ಹೊಡೀತಾರಲ್ರಿ, ಕಮಲಾಪುರ ಸ್ಟ್ಯಾಂಡಿನ್ಯಾಗ ಯಾರಿಗಿ ಕೇಳಿದ್ರೂ ಹೇಳ್ತಾರ."

"ಅವರನ್ನ ಕೇಳೋಕೆ ಕಮಲಾಪುರಕ್ಕೆ ಹೋಗ್ಲಾ? ಒಂದು ಪದ ಅಮ್ಮ. ಹೆಸರು ಅಷ್ಟೇ."

ಐದು ತಿಂಗಳಿಂದ ಬಾಯಿ ಮುಚ್ಚದ ಗಂಗಮ್ಮ, ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು.

ಕಸ್ತೂರಬಾಯಿ ನಕ್ಕಳು. ಭುಜ ಕುಣಿಯುವ ಹಾಗೆ, ನೆಗೆಣ್ಣಿಯ ತೊಡೆಗೆ ಬಡಿದು ನಕ್ಕಳು. ಗಾಜಿನ ಹಿಂದೆ ನನಗೂ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ನನ್ನ ಮಾತೆಲ್ಲ ನಮ್ಮ ಅಜ್ಜಿಯಿಂದ ಬಂದದ್ದು. ಅಡುಗೆಮನೆಯಲ್ಲಿ ಮರಾಠಿ, ಪಡಸಾಲೆಯಲ್ಲಿ ಕನ್ನಡ ಆಡುತ್ತಿದ್ದ ಆ ಮುದುಕಿ ಎರಡೂ ಭಾಷೆಯಲ್ಲಿ ನಮ್ಮ ಅಜ್ಜನ ಹೆಸರು ಒಮ್ಮೆಯೂ ಎತ್ತಲಿಲ್ಲ. ಅಜ್ಜನ ಹೆಸರಿನ ದೇವರಿದ್ದರೆ ಆ ದೇವರಿಗೂ ಬೇರೆ ಹೆಸರು ಹಚ್ಚುತ್ತಿದ್ದಳು. ಪಡಿತರ ಚೀಟಿ ಬರೆಯಲು ಬಂದ ಗುಮಾಸ್ತನ ಮುಂದೆ ನನ್ನನ್ನು ತಳ್ಳಿ 'ನೀ ಹೇಳು' ಎಂದಿದ್ದಳು. ಅಂಥ ಮನೆಯಲ್ಲಿ ಬೆಳೆದವಳು ನಾನು. ಗಂಡ, ಮಾವ, ಅತ್ತೆ, ಭಾವ, ಈ ನಾಲ್ಕು ಹೆಸರು ಕೇಳಿ, ಹೇಳಲಿಲ್ಲ ಎಂದು ನಾಲ್ಕು ಸೊನ್ನೆ ಹಾಕಿದ ಹಾಳೆಗೆ ಸಹಿ ಮಾಡಿದ್ದೆ. ಅನುಷಾಗೆ ಗೊತ್ತಿರಲಿಲ್ಲ, ಅವಳ ತಪ್ಪೇನು? ಆಳಂದದ ಹುಡುಗಿ ಯಾರೂ ಹೇಳದೆಯೇ ಆ ನಾಲ್ಕು ಪ್ರಶ್ನೆ ಬಿಟ್ಟು, ಮಕ್ಕಳ ಹೆಸರು, ಓಣಿಯ ಹೆಸರು ಕೇಳಿದ್ದಳು. ಏಳು ಬಂದದ್ದು ಅದಕ್ಕೆ. ಇವಳು ಒಂದು ಗೆರೆಯೂ ಇಳಿದಿರಲಿಲ್ಲ.

ಹೆಡ್‌ಫೋನು ಕಿತ್ತಿಟ್ಟು ಒಳಗೆ ಹೋದೆ.

"ಗಂಗಮ್ಮ, ಹೆಸರು ಹಂಗ ಹೇಳಬ್ಯಾಡ್ರಿ. ಒಡಪು ಹಾಕಿ ಹೇಳ್ರಿ" ಎಂದೆ. ನಮ್ಮ ಮನೆಯಲ್ಲಿ ಉಖಾಣಾ, ಇವರ ಮನೆಯಲ್ಲಿ ಒಡಪು. ಮದುವೆಯಾಗಿ ಬಂದ ಹೆಣ್ಣು ಹೊಸ್ತಿಲಲ್ಲಿ ನಿಂತಾಗ ಮನೆಯ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಎರಡು ಸಾಲಿನ ಪ್ರಾಸದಲ್ಲಿ ಗಂಡನ ಹೆಸರು ಸೇರಿಸಿ ಹೇಳಿದರಷ್ಟೇ ದಾರಿ. ಹೆಣ್ಣಿಗೆ ಆ ಹೆಸರು ಬಾಯಿಬಿಟ್ಟು ಹೇಳಲು ಇರುವ ದಾರಿಯೂ ಅದೊಂದೇ.

"ನಮ್ಮ ಮನಿಯವರ್ದಾದ್ರ ಹೇಳ್ತೀನ್ರಿ. ಭಾವ್ನೋರ್ದು ನಾ ಹ್ಯಾಂಗ ಹೇಳ್ಲಿ? ಅದು ಇಕಿ ಹಕ್ಕು" ಎಂದ ಗಂಗಮ್ಮನಿಗೆ ಅಷ್ಟರಲ್ಲೇ ಏನೋ ಹೊಳೆಯಿತು. ಎದ್ದು ಹೋಗಿ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. "ಬಾ ಅಕ್ಕ. ಹೆಸರು ಹೇಳಿ ದಾಟು. ಹೇಳಲಿಲ್ಲಂದ್ರ ಇವತ್ತ ನಿನಗ ಬಸ್ಸಿಲ್ಲ, ಇಲ್ಲೇ ಬಿದ್ದಿರು."

ಕಸ್ತೂರಬಾಯಿ ಎದ್ದಳು. ಬಾಗಿಲ ಮುಂದೆ ನಿಂತಳು. ತುಟಿ ಅಲುಗಿದವು. "ಕಮ... ಕಮಲಾ..." ಎಂದು ತಡೆದಳು. ಆಮೇಲೆ, ಹಗ್ಗ ಹರಿದ ಕರುವಿನ ಹಾಗೆ, ಒಂದೇ ಉಸಿರಿಗೆ:

"ಕಮಲಾಪುರದ ಕೆಂಪು ಬಾಳಿಗೊನಿ ಬಾಗಿಲಿಗಿ ಕಟ್ಟಿ,
ಶರಣಪ್ಪನೋರ ಹೆಸರ ಹೇಳ್ತೀನಿ ಹೊಸ್ತಿಲ ಮುಟ್ಟಿ!"

ಹೇಳಿದ ಮೇಲೆ ಅವಳೇ ಗಾಬರಿಯಾದಳು. ಬಾಯಿಗೆ ಸೆರಗು ಒತ್ತಿಕೊಂಡಳು. ಗಂಗಮ್ಮ ಅಡ್ಡ ಹಿಡಿದ ಕೈ ಇಳಿಸದೆ ಅಲ್ಲೇ ಅಳತೊಡಗಿದಳು. ಅನುಷಾ ನನ್ನ ಕೈ ಹಿಡಿದು, "ಮೇಡಂ, ಮಾತು ಬಂತು, ಮಾತು ಬಂತು" ಎಂದು ಕುಣಿದಳು.

ಹದಿನೆಂಟು ವರ್ಷ ಈ ಕೆಲಸ ಮಾಡಿದವಳು ನಾನು, ಕುಣಿಯಲಿಲ್ಲ. "ಬಾಯಿಪಾಠ ಅದು ಅನುಷಾ" ಎಂದು ಮೆಲ್ಲಗೆ ಹೇಳಿದೆ. "ಮಗ್ಗಿ, ಭಜನೆ, ಬೈಗುಳ, ಇವೆಲ್ಲ ಲಕ್ವ ಹೊಡೆದ ಮೇಲೂ ಉಳಿಯುತ್ತವೆ. ಮಾತು ಬೇರೆ." ನಿಜವೂ ಹೌದು. ಮರುಕ್ಷಣ 'ನೀರು ಬೇಕಾ?' ಎಂದರೆ ಅವಳು ಮತ್ತೆ 'ಯವ್ವಾ, ಯವ್ವಾ' ಎಂದಳು.

ಆದರೂ ಹಾಳೆ ತಿದ್ದಿದೆ. ಮುಖ್ಯಸ್ಥರ ಬಳಿ ಹೋಗಿ, ತಪ್ಪು ನನ್ನದು ಎಂದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಆ ಜಾಗ ಬೆಳಿಗ್ಗೆಯೇ ಕೊಟ್ಟಾಯಿತಲ್ಲ. ನಾಲ್ಕು ವರ್ಷದ ಕೂಸು, ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದದ. ಅದಕ್ಕ ಬರಬ್ಯಾಡ ಅಂತ ನೀವೇ ಹೇಳ್ತೀರಿ ಏನು?" ಯಾರು ಹೇಳುತ್ತಾರೆ?

ಉಳಿದದ್ದು ಕ್ಲಿನಿಕ್ಕು ತೆರೆಯುವ ಮುಂಚಿನ ಅರ್ಧ ಗಂಟೆ. ಏಳೂವರೆಗೆ. ಫೈಲಿಲ್ಲ, ಹಾಳೆಯಿಲ್ಲ, ಸಹಿಯಿಲ್ಲ. ಕಮಲಾಪುರದಿಂದ ಮೊದಲ ಬಸ್ಸಿಗೆ ಅವರು ಬರಬೇಕು, ಅನುಷಾ ಹಾಸ್ಟೆಲಿನಿಂದ, ನಾನು ಮನೆಯಿಂದ. ಆರು ವಾರ ಹಾಗೆ ಮಾಡಿದೆವು. ಬೆಳಗಿನ ಅಲಾರಮ್ಮಿಗೆ ನಾನು ಹಾಕಿದ ಶಾಪವನ್ನು ಇಲ್ಲಿ ಬರೆಯಲಾರೆ.

ಕೂತಲ್ಲಿ ಅಭ್ಯಾಸ ಮಾಡಿಸಿದರೆ 'ಸರೀ' ಬರುತ್ತಿತ್ತು. ಅನುಷಾ ಹೇಳಬೇಕು, ಇವಳು ಅದರ ಹಿಂದೆಯೇ ಹೇಳಬೇಕು. ಎದ್ದು ನಿಂತು ಕೈಯಲ್ಲಿ ಭಾರ ಹಿಡಿದರೆ ಶಬ್ದ ಎಲ್ಲಿಗೋ ಓಡುತ್ತಿತ್ತು. ಅದಕ್ಕೆಂದು ಅನುಷಾ ಹಾಸ್ಟೆಲಿನಿಂದ ಗಂಜದಷ್ಟೇ ದೊಡ್ಡ ಪಾತ್ರೆ ತಂದಳು, ಅರ್ಧ ನೀರು ತುಂಬಿದಳು. ಒಂದು ಕಡೆ ಕಸ್ತೂರಬಾಯಿ, ಒಂದು ಕಡೆ ಗಂಗಮ್ಮ, ವರಾಂಡದ ಉದ್ದಕ್ಕೂ ಎತ್ತಿಕೊಂಡು ನಡೆಯುವುದು. ಎದುರಿಗೆ ಓಡಿ ಬರಲು ಮಕ್ಕಳು ಬೇಕಲ್ಲ? ನಮ್ಮ ಅಟೆಂಡರ್ ರಫೀಕ್ ಚಾಚಾನನ್ನು ಒಪ್ಪಿಸಿದೆವು. ರೋಜಾ ಬಡಾವಣೆಯಿಂದ ಸೈಕಲ್ಲು ತುಳಿದುಕೊಂಡು ಬರುವ ಮನುಷ್ಯ, ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು.

"ಅರೆ ಬಾಯಿ, ಈ ಉಮರಿನ್ಯಾಗ ನಂಗ ಬಚ್ಚಾ ಮಾಡಿದ್ರಲ್ಲ" ಎಂದು ಗೊಣಗುತ್ತ, ಸ್ಟೀಲಿನ ತಾಟು ಹಿಡಿದು, ಮೊಣಕಾಲು ನೋವಿಗೆ ಕುಂಟುತ್ತ ಓಡಿ ಬರುವನು.

"ಚಾಚಾ, ಇಷ್ಟು ಸಾವಕಾಶ ಬಂದ್ರ ಸಾರೇ ಆರ್ತದ" ಎಂದು ಗಂಗಮ್ಮ ಕೆಣಕುವಳು.

ಕಸ್ತೂರಬಾಯಿಯ ಬಾಯಿ ತೆರೆಯುತ್ತಿತ್ತು. ಕುತ್ತಿಗೆಯ ನರ ಉಬ್ಬುತ್ತಿದ್ದವು. 'ಸ' ಕೂಡ ಬರುತ್ತಿರಲಿಲ್ಲ. ಪಾತ್ರೆ ಕೆಳಗಿಟ್ಟು, ಕಣ್ಣು ಒರೆಸಿಕೊಂಡು, ತಾನೇ ಮತ್ತೆ ಹಿಡಿಕೆಗೆ ಕೈ ಹಾಕುವಳು. ಅವಳು ಸೋತೆ ಎನ್ನುತ್ತಿರಲಿಲ್ಲ. ನಾನು ಮನಸ್ಸಿನಲ್ಲಿ ಎಂದೋ ಎಂದಾಗಿತ್ತು.

ಒಂದು ಬೆಳಿಗ್ಗೆ ಅನುಷಾ ಕೇಳಿದಳು. "ಮೇಡಂ, ಒಡಪನ್ನೇ ಹೇಳಿಸಿದ್ರೆ? ಅದು ಸಲೀಸಾಗಿ ಬರುತ್ತಲ್ಲ."

"ಬಿಸಿ ಸಾರು ತರುವಾಗ ಯಾರಾದರೂ ಗಂಡನ ಹೆಸರು ಹೇಳುತ್ತಾರೇನು?" ಎಂದೆ. "ಆಟ ಬಿಡು. ಇರುವ ಅರ್ಧ ಗಂಟೆಯಲ್ಲಿ 'ಸರೀ' ಹೇಳಿಸು."

ಸ್ವಲ್ಪ ಗಡುಸಾಗಿಯೇ ಹೇಳಿದೆನೋ ಏನೋ. ಅವಳು ಮತ್ತೆ ಕೇಳಲಿಲ್ಲ.

ಮೇ ಕೊನೆಗೆ ಅನುಷಾ ಪರೀಕ್ಷೆ ಮುಗಿಸಿ ಊರಿಗೆ ಹೊರಟಳು. ಕೊನೆಯ ಬೆಳಿಗ್ಗೆಯೂ ವರಾಂಡದಲ್ಲಿ ಪಾತ್ರೆ ಎತ್ತಿದರು, ಚಾಚಾ ಓಡಿದ, ಶಬ್ದ ಬರಲಿಲ್ಲ. ಗಂಗಮ್ಮ ಚೀಲದಿಂದ ಹಣ್ಣು ತೆಗೆದು ಎಲ್ಲರಿಗೂ ಒಂದೊಂದು ಕೊಟ್ಟಳು. ಕಸ್ತೂರಬಾಯಿ ಅನುಷಾಳ ಗಲ್ಲ ಹಿಡಿದು, ಏನೋ ಹೇಳಲು ಹೋಗಿ, ಬಿಟ್ಟಳು.

"ಸಾಲಿ ಶುರು ಆದ ಮ್ಯಾಲ ಒಂದು ಸಲ ಹೋಗಿ ನೋಡ್ರಿ" ಎಂದೆ ನಾನು. ಅವರು ಗೇಟು ದಾಟಿದರು. ನಾಳೆಯಿಂದ ಏಳೂವರೆಗೆ ಬರುವುದಿಲ್ಲ ಎಂದು ನೆನಪಾಗಿ, ಮೈ ಹಗುರ ಆಯಿತು. ಆ ಹಗುರಕ್ಕೆ ಈಗಲೂ ನಾಚಿಕೆ ಆಗುತ್ತದೆ.

ಜೂನು ಹೋಯಿತು. ಒಂದೆರಡು ಮಳೆ ಬಿದ್ದವು. ಹೊಸ ವಿದ್ಯಾರ್ಥಿಗಳು ಬಂದರು, ಹೊಸ ಹಾಳೆ, ಹೊಸ ಸಹಿ. ಕಮಲಾಪುರದ ಬಗ್ಗೆ ವಿಚಾರಿಸುವ ಧೈರ್ಯ ನನಗೆ ಇರಲಿಲ್ಲ.

ಜುಲೈ ನಡುವೆ ಒಂದು ದಿನ ಚಾಚಾ ಬಂದು, "ಬಾಯಿ, ನಿಮ್ಮ ಕಮಲಾಪುರದಾಕಿ ಬಂದಾಳ. ಒಬ್ಬಾಕಿನೇ ಬಂದಾಳ" ಎಂದ. ಒಬ್ಬಳೇ ಎಂದಕೂಡಲೆ ಹೊರಗೆ ಓಡಿದೆ. ಗಂಗಮ್ಮ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕುಳಿತಿದ್ದಳು.

"ಅಕ್ಕ ಎಲ್ಲಿ?" ಎಂದೆ.

"ಎಲ್ಲಿ ಅಂದ್ರ? ಸಾಲ್ಯಾಗ ಅದಾಳ್ರಿ. ಅಡಗಿ ಯಾರು ಮಾಡಬೇಕು?"

ಆಮೇಲೆ ನಡೆದದ್ದು ಹೇಳಿದಳು. ಶಾಲೆ ತೆರೆದಾಗ ಹೆಡ್‌ಮಾಸ್ಟರು, ಬಂದದ್ದು ಬಂದೀರಿ, ಒಂದು ವಾರ ಕಾಯಿಪಲ್ಯ ಹೆಚ್ಚಿಕೊಂಡು ಕೂತಿರಿ, ಗಂಜ ಮುಟ್ಟಬೇಡಿ ಎಂದಿದ್ದರಂತೆ. ನಾಲ್ಕನೇ ದಿನ ಜೊತೆಯ ಅಡುಗೆಯವರಲ್ಲಿ ಒಬ್ಬಳು ಬರಲಿಲ್ಲ. ಸಾರಿನ ಗಂಜ ಎತ್ತಲು ಇವಳನ್ನೇ ಕರೆಯಬೇಕಾಯಿತು. ಇಬ್ಬರು ಎತ್ತಿಕೊಂಡು ಬಾಗಿಲಿಗೆ ಬಂದರೆ, ಒಂದನೇ ತರಗತಿಯ ಒಂದು ಹೆಣ್ಣುಕೂಸು ತಾಟು ಹಿಡಿದು ಹೊಸ್ತಿಲ ಮೇಲೆ ನಿಂತುಬಿಟ್ಟಿದೆ, ಅಡ್ಡ, ಗೋಡೆಯ ಹಾಗೆ.

"ಬಾಗಿಲಿಗಿ ಅಡ್ಡ ನಿಂತ್ರ ಹೆಣಮಗಳು ಏನು ಹೇಳ್ಬೇಕ್ರಿ?" ಎಂದಳು ಗಂಗಮ್ಮ. "ಅದನ್ನೇ ಹೇಳಿದಳು. ಇಡೀ ಸಾಲಿ ಕೇಳಂಗ, 'ಕಮಲಾಪುರದ ಕೆಂಪು ಬಾಳಿಗೊನಿ' ಅಂತ ಒದರಿದಳು ನೋಡ್ರಿ, ಆ ಕೂಸು ತಾಟ ಒಗದು ಒಂದ ಕಡಿ ಜಿಗೀತು. ಹೆಡ್‌ಮಾಸ್ಟರ್ ಹೊರಗ ಬಂದು, 'ಇದೇನವ್ವ' ಅಂದ್ರಂತ. ಈಗ ದಿನಾ ಅದೇ ರಿ. ಇಕಿ ಒಡಪು ಶುರು ಮಾಡಿದ್ರ ಕೂಸುಗಳು ತಾವೇ ಗ್ವಾಡಿಗಿ ಹತ್ತಿ ನಿಲ್ತಾವ. 'ಹೊಸ್ತಿಲ ಮುಟ್ಟಿ' ಅನ್ನೋದು ಅವೇ ಕೂಡಿ ಹೇಳ್ತಾವ."

'ಸರೀ' ಇವತ್ತಿಗೂ ಬಂದಿಲ್ಲವಂತೆ.

ಅವತ್ತು ಸಂಜೆ ಅನುಷಾಗೆ ಫೋನು ಮಾಡಿದೆ. ಎಲ್ಲ ಹೇಳಿ, "ನೀ ಹೇಳಿದ್ದೇ ಖರೆ ಇತ್ತು, ನಾ ಕೇಳಲಿಲ್ಲ" ಎಂದೆ. ಅವಳು ಕೇಳಿದಳು: "ಆ ಶರಣಪ್ಪ ಏನಂತಾರಂತೆ ಮೇಡಂ?"

ಅದನ್ನು ನಾನೂ ಗಂಗಮ್ಮನಿಗೆ ಕೇಳಿದ್ದೆ. ಶರಣಪ್ಪ ಏನೂ ಅನ್ನುವುದಿಲ್ಲವಂತೆ. ಮಧ್ಯಾಹ್ನ ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಮಾತ್ರ, ಟಂಟಂನಲ್ಲಿ ಎಷ್ಟು ಮಂದಿ ಕುಳಿತಿರಲಿ, ಶಾಲೆಯ ಹಾದಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಾನಂತೆ.